ನಾನು ಬರೆಯದ ಸಾಲು

1657. ಹತ್ತನೇ ತಿಂಗಳು, 4
ಬೆಳಿಗ್ಗೆ ಜೋಳದ ಗಂಜಿ. ಒಲೆ ಬೂದಿ ತೆಗೆದೆ, ನೂಲು ತೆಗೆದೆ. ಮಗುವಿನ ಕೆಮ್ಮು ಹಾಗೇ ಇದೆ. ತಿಂಗಳಿಗೆ ಸುಳ್ಳುದೇವರ ಹೆಸರು ಬೇಡ, ಅಂಕಿ ಸಾಕು ಅಂತ ನಮ್ಮ ಪಾದ್ರಿ ಜೇಬೆಜ್ ಅಯ್ಯನವರು ಈ ಹೊಸ ನಾಡಿಗೆ ಬಂದು ಹಡಗಿಳಿದ ವಾರವೇ ಕಟ್ಟು ಮಾಡಿದ್ದು. ಹದಿನೆಂಟು ವರ್ಷವಾಯಿತು. ಯಾರೂ ಓದದ ಈ ಪುಸ್ತಕದಲ್ಲೂ ಅಂಕಿಯೇ ಬರೀತೀನಿ...

ಇವತ್ತು ನನ್ನ ಸಾಕ್ಷಿ ಬರೆದು ಮುಗಿಸಿದೆ. ದೇವರು ನನ್ನನ್ನು ಹೇಗೆ ಹಿಡಿದ ಅನ್ನೋದನ್ನು ಸಭೆ ಕೇಳಿ ಒಪ್ಪಿದರೇ ಸದಸ್ಯತ್ವ. ಸದಸ್ಯರ ಮಕ್ಕಳಿಗೆ ಮಾತ್ರ ದೀಕ್ಷಾಸ್ನಾನ. ನನ್ನ ಗಂಡ ಅಮೋಸ್ ಎರಡು ಸಲ ಎದ್ದು ನಿಂತು, ಮಾತು ಹೊರಡದೆ ಕೂತುಬಿಟ್ಟ. ನಾವು ತಡಮಾಡಿದ್ದಕ್ಕೇ ನನ್ನ ಮೊದಲ ಮಗಳು ಸೈಲೆನ್ಸ್ ಆ ನೀರು ಕಾಣದೆ ತೀರಿಹೋದಳು. ಮೂರು ವರ್ಷದ ಕೂಸು. ಈ ಮಗುವೂ ಹಾಗೆ ಹೋಗಬಾರದು.

9
ಅಯ್ಯನವರು ಬಂದಿದ್ದರು. ಹೆಂಗಸರ ಸಾಕ್ಷಿ ಅವರೇ ಓದೋದು. ಸಭೆಯಲ್ಲಿ ನಾವು ಬಾಯಿ ಬಿಡುವ ಹಾಗಿಲ್ಲ.

"ಚೆನ್ನಾಗಿದೆಯಮ್ಮಾ. ಒಂದು ಸಾಲು ಕಮ್ಮಿ."

"ಯಾವುದು ಅಯ್ಯನವರೇ?"

"ಕೂಸನ್ನ ದೇವರಿಗಿಂತ ಹೆಚ್ಚು ಪ್ರೀತಿಸಿದೆ, ಅದಕ್ಕೇ ಆತ ಕಿತ್ತುಕೊಂಡ ಅಂತ."

"ಮಗಳನ್ನ ಎಷ್ಟು ಪ್ರೀತಿಸಬೇಕೋ ಅಷ್ಟೇ ಪ್ರೀತಿಸಿದೆ."

"ಹಟ ಒಳ್ಳೇದಲ್ಲ, ಮೆಹಿಟಬಲ್. ನಾನೂ ಇಬ್ಬರು ಮಕ್ಕಳನ್ನ ಮಣ್ಣು ಮಾಡಿದವನು. ಎರಡು ಸಲವೂ ಆ ಮಾತು ಹೇಳಿದೀನಿ."

ಅವರನ್ನು ನೋಡಿ ಪಾಪ ಅನ್ನಿಸಿತು. ಆದರೂ ಬರೆಯಲಿಲ್ಲ. ಒಳಗಿಲ್ಲದ್ದನ್ನು ಬಾಯಲ್ಲಿ ಹೇಳಬೇಡ — ಏಳು ವರ್ಷದವಳಾಗಿದ್ದ ನನಗೆ ಅಕ್ಷರ ಕಲಿಸುವಾಗ ಇವರೇ ಹೇಳಿಕೊಟ್ಟದ್ದು.

10
ಅಮೋಸ್‌ಗೆ ಹೆದರಿಕೆ. "ಒಂದು ಸಾಲು ತಾನೆ, ಗೀಚಿ ಕೊಟ್ಟುಬಿಡೆ. ಮಗು ಕೆಮ್ಮೋದು ಕೇಳ್ತಿಲ್ವಾ?"

"ಕೇಳ್ತಿದೆ. ಸುಳ್ಳು ಹೇಳಿ ನೀರು ಹಾಕಿಸೋದಾದ್ರೆ ನಮ್ಮ ಬಾವಿ ನೀರೇ ಸಾಕಲ್ಲ."

ಇಬ್ಬರಿಗೂ ಊಟ ಸೇರಲಿಲ್ಲ.

16. ಸಬ್ಬತ್ ಆರಾಧನೆಯ ದಿನ, ಸಂಜೆ
ಇವತ್ತು ಸಭೆಯಲ್ಲಿ ನನ್ನ ಸಾಕ್ಷಿಯ ಸರದಿ ಬಂತು. ಅಯ್ಯನವರು ಓದುತ್ತಾ ಕೊನೆಗೆ ಬಂದರು. ಆಗ... ನಾನು ಬರೆಯದ ಸಾಲು. ತಾವೇ ಸೇರಿಸಿಕೊಂಡು ಓದ್ತಿದ್ದಾರೆ — "ಕೂಸನ್ನು ದೇವರಿಗಿಂತ ಹೆಚ್ಚು..."

ಎದ್ದುಬಿಟ್ಟೆ. "ಅದು ನನ್ನ ಮಾತಲ್ಲ, ಅಯ್ಯನವರೇ."

ಪಕ್ಕದವಳು ನನ್ನ ಲಂಗ ಹಿಡಿದೆಳೆದಳು. ಸಭೆಯ ಹಿರಿಯ ಪ್ರೌಟ್, "ಕೂತ್ಕೊಳ್ಳಮ್ಮಾ, ಇದೇನು ಸಂತೆಯಾ?" ಅಂದ. ಕೂರಲಿಲ್ಲ.

"ಒಳಗಿಲ್ಲದ್ದು ಹೇಳಬೇಡ ಅಂತ ಕಲಿಸಿದವರು ನೀವು. ಆ ಸಾಲಿಲ್ಲದೆ ನನ್ನನ್ನ ಒಪ್ಪೋದಾದ್ರೆ ಒಪ್ಪಿ. ಇಲ್ಲಾಂದ್ರೆ ಮನೆಗೆ ಹೋಗ್ತೀನಿ."

ಅಯ್ಯನವರು ಕನ್ನಡಕ ತೆಗೆದರು. ಬೋಧನೆಯ ಹೊತ್ತು ಅಳೆಯೋ ಮರಳುಗಡಿಯಾರ ಖಾಲಿಯಾಯಿತು, ಯಾರೂ ತಿರುಗಿಸಲಿಲ್ಲ. ಕೊನೆಗೆ ಹಾಳೆ ಮಡಚಿದರು. "ಹೌದು. ಆ ಸಾಲು ಆಕೆಯದಲ್ಲ. ನನ್ನದು."

ನನ್ನನ್ನು ಒಪ್ಪಿ ಮೊದಲು ಕೈ ಎತ್ತಿದ್ದು ಅವರೇ. ಪ್ರೌಟ್ ಎತ್ತಲಿಲ್ಲ. ಉಳಿದ ಗಂಡಸರು ಒಬ್ಬೊಬ್ಬರಾಗಿ ಎತ್ತಿದರು.

ನಾನು ಸದಸ್ಯೆ.

23. ಸಬ್ಬತ್, ಬೆಳಿಗ್ಗೆ
ಮಗುವನ್ನು ಬೆಚ್ಚಗೆ ಸುತ್ತಿದೀನಿ. ಕೆಮ್ಮು ಕಮ್ಮಿ. ಅಮೋಸ್ ಬಾಗಿಲಲ್ಲಿ ನಿಂತಿದ್ದಾನೆ. ನೀರು ಹಾಕುವಾಗ ಹೆಸರು ಕೇಳೋದು ಅಪ್ಪನನ್ನು. ಸತ್ತ ಕೂಸಿನ ಹೆಸರೇ ಮುಂದಿನದಕ್ಕೆ ಇಡೋದು ನಮ್ಮ ರೂಢಿ.

"ಸೈಲೆನ್ಸ್ ತಾನೆ?"

"ಅಲ್ಲ. ಅದು ಅವಳದು. ಅವಳಿಗೇ ಇರಲಿ."

"ಮತ್ತೆ ನಾನು ಏನಂತ ಹೇಳಲಿ?"

"ನೀನು ಸುಮ್ಮನಿರು. ನಾನೇ ಹೇಳ್ತೀನಿ."

ಸಭೆಗೆ ಕರೆಯೋ ಡೋಲು ಶುರುವಾಯಿತು. ಶಾಯಿ ಚಳಿಗೆ ಗಟ್ಟಿಯಾಗ್ತಿದೆ. ಹೆಸರು ಮೊದಲು ಇಲ್ಲಿ ಬರೆದಿಡಬೇಕು. ಇವಳ ಹೆಸರು —