ಆ ಚೆಂಬು ನಮ್ಮದು

ಮಾನ್ಯ ಠಾಣಾಧಿಕಾರಿಗಳಿಗೆ,

ನಮ್ಮೂರಿನವರು ಹೊಡೆದು ಆಸ್ಪತ್ರೆ ಸೇರಿಸಿದ ಬಿಹಾರದ ಬೆಡ್‌ಶೀಟ್ ಮಾರುವವನ ವಿಷಯ ಬರೆಯುತ್ತಿದ್ದೇನೆ. ಮೊಬೈಲಿನ ಒಂದು ಸುದ್ದಿತಾಣ ಅವನ ಫೋಟೋ ಹಾಕಿ, "ಹೊರರಾಜ್ಯದ ಕಳ್ಳ, ಕದ್ದ ಚೆಂಬಿನ ಸಮೇತ" ಎಂದಿತ್ತು. ಅದನ್ನು ನೋಡಿಯೇ ಅವನನ್ನು ಹೊಡೆದದ್ದು.

ಆ ಚೆಂಬು ನಮ್ಮದು. ಬಿಸಿಲಿಗೆ ಬಂದವರನ್ನು ಬೆಲ್ಲ, ನೀರು ಕೊಡದೆ ಕಳಿಸುವ ಕ್ರಮ ನಮ್ಮಲ್ಲಿಲ್ಲ, ನಾನೇ ಕೊಟ್ಟದ್ದು. ಅವನು ಚೆಂಬು ಹಿಡಿದು ನೀರು ಕುಡಿಯುವಾಗ, ಹೆಗಲ ಮೇಲಿದ್ದ ಬೆಡ್‌ಶೀಟಿನ ಬಣ್ಣ ಮಗಳಿಗೆ ತೋರಿಸಲಿಕ್ಕೆಂದು ಫೋಟೋ ತೆಗೆದು ಕುಟುಂಬದ ಗ್ರೂಪಿಗೆ ಹಾಕಿದ್ದೂ ನಾನೇ. ಅಲ್ಲಿಂದ ಅದನ್ನು ಯಾರು ದಾಟಿಸಿದರೆಂದು ಮನೆಯವರು ಯಾರೂ ಬಾಯಿ ಬಿಡುವುದಿಲ್ಲ.

ಅವನ ಮೇಲಿನ ಕಳ್ಳತನದ ದೂರನ್ನು ದಯವಿಟ್ಟು ತೆಗೆದುಹಾಕಿ.

ಆ ತಾಣದಲ್ಲಿ ಹೆಸರಿಲ್ಲ, ವಿಳಾಸವಿಲ್ಲ, ಯಾರನ್ನು ವಿಚಾರಿಸುವುದು ಎಂದು ಕೇಳಿದಿರಂತೆ. ಒಂದು ಹೆಸರು, ವಿಳಾಸ ಕೆಳಗೆ ಉಂಟು. ಇಲ್ಲಿಂದಲೇ ಶುರು ಮಾಡಿ.

ಅಮ್ಮಣಿ,
ಹಾಲಿನ ಡೈರಿಯ ಎದುರು ಮನೆ,
ಶಿರ್ತಾಡಿ.