ಆಂಬುಲೆನ್ಸಿನ ಮುಂದೆ ಓಡುವವನು

ಹುಬ್ಬಳ್ಳಿ
ಫೆಬ್ರವರಿ ಮೂವತ್ತು, ೨೧೭೮

ಹಳೆಯ ಕಾಲದಲ್ಲಿ ಗಾಡಿ ಓಡಿಸುತ್ತಿರುವವರಿಗೆ,

ದಿನಾಂಕ ನೋಡಿ ಗಾಬರಿಯಾಗಬೇಡಿ, ನಮ್ಮ ಫೆಬ್ರವರಿಗೆ ಈಗ ಮೂವತ್ತು ದಿನಗಳಿವೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ದಯವಿಟ್ಟು ಕ್ಷಮಿಸಿ. ಶಾಲೆಯಲ್ಲಿ ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಬಂದದ್ದು ಅಜ್ಜಿಯಿಂದ, ಆಮೇಲೆ ನಿಮ್ಮ ರಸ್ತೆಗಳ ಹಳೆಯ ವಿಡಿಯೊಗಳಿಂದ. ಅವುಗಳಲ್ಲಿ ಕೇಳಿ ಕಲಿತ ಕೆಲವು ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ: ನನಗೆ ಮದುವೆಯಾಗಿ ಇನ್ನೂ ಒಂದು ತಿಂಗಳಾಗಿಲ್ಲ. ಗಂಡನ ಹೆಸರು ನಿಜಗುಣ. ಅವನಷ್ಟು ಚೆನ್ನಾಗಿ ನಗುವವರು ಈ ಪ್ರಪಂಚದಲ್ಲೇ ಇಲ್ಲ. ಆ ಹೆಸರು ಈ ಕಾಗದದಲ್ಲಿ ಪದೇ ಪದೇ ಬಂದರೆ ಅದನ್ನೂ ಕ್ಷಮಿಸಬೇಕು.

ನಮ್ಮಲ್ಲಿ ಯಾರೂ ಗಾಡಿ ಓಡಿಸುವುದಿಲ್ಲ. ತಾವಾಗಿಯೇ ಓಡುವ ವಾಹನಗಳಿವೆ, ನಡೆಬಂಡಿ ಎನ್ನುತ್ತೇವೆ. ಅವು ಓಡುವುದನ್ನು ಕಲಿತದ್ದು ನಿಮ್ಮನ್ನು ನೋಡಿ. ನಿಮ್ಮ ಕಂಬಗಳ ಮೇಲಿನ, ಕಾರಿನ ಗಾಜಿನ ಹಿಂದಿನ ಕ್ಯಾಮೆರಾಗಳು ಕಂಡದ್ದನ್ನೆಲ್ಲ ಅವಕ್ಕೆ ವರ್ಷಗಟ್ಟಲೆ ತೋರಿಸಿದರಂತೆ. ಬಂಡಿಗಳು ಬಹಳ ಒಳ್ಳೆಯ ವಿದ್ಯಾರ್ಥಿಗಳು, ಒಂದು ಪಾಠವನ್ನೂ ಮರೆತಿಲ್ಲ. ಹಸಿರು ದೀಪ ಹತ್ತುವ ಮೊದಲೇ ಹಾರ್ನ್ ಹೊಡೆಯುತ್ತವೆ. ಸ್ವಲ್ಪ ಮುಂದೆ ಹೋಗಿ ಯು-ಟರ್ನ್ ತೆಗೆದುಕೊಳ್ಳುವ ಬದಲು ಎದುರಿನಿಂದಲೇ ನುಗ್ಗುತ್ತವೆ. ರಸ್ತೆ ಸಾಲದಿದ್ದರೆ ಫುಟ್‌ಪಾತ್ ಹತ್ತುತ್ತವೆ. ರಾತ್ರಿ ಕಣ್ಣಿಗೆ ಬೆಳಕು ಚುಚ್ಚುತ್ತವೆ. ಎಷ್ಟೋ ಸಲ ಒಳಗೆ ಯಾರೂ ಕೂತಿರುವುದಿಲ್ಲ, ಖಾಲಿ ಬಂಡಿಗೂ ಅದೆಂಥ ಅವಸರ ಅಂತೀರಿ. ಆಂಬುಲೆನ್ಸ್ ಬಂದರೆ ಒಂದೂ ಸರಿಯುವುದಿಲ್ಲ. ಹೇಗೋ ಸಂದಿ ಸಿಕ್ಕಿ ಅದು ಮುಂದೆ ಹೋಯಿತೋ, ಉಳಿದವೆಲ್ಲ ಅದೇ ಸಂದಿಯಲ್ಲಿ ತೂರಿಕೊಂಡು ಅದರ ಬೆನ್ನು ಹತ್ತುತ್ತವೆ. ಇದನ್ನು ಅವಕ್ಕೆ ಬೇರೆ ಯಾರೂ ಹೇಳಿಕೊಟ್ಟಿಲ್ಲ.

ನೀವು ಕಲಿಸಿದ ಒಂದು ಒಳ್ಳೆಯ ಪಾಠವೂ ಇದೆ. ನೀವು ಅಂಗೈ ಅಡ್ಡ ಹಿಡಿದು, ವಾಹನಗಳ ಕಡೆ ನೋಡದೆ ರಸ್ತೆ ದಾಟುತ್ತಿದ್ದಿರಲ್ಲ, ಆ ಅಂಗೈ ಕಂಡರೆ ಬಂಡಿಗಳು ನಿಲ್ಲುತ್ತವೆ. ಹಾಗಾಗಿ ನಮ್ಮಲ್ಲಿ ಪ್ರತಿ ಆಂಬುಲೆನ್ಸಿನ ಮುಂದೆ ಒಬ್ಬ ಮನುಷ್ಯ ಅಂಗೈ ಚಾಚಿಕೊಂಡು ಓಡುತ್ತಾನೆ. ಅವನನ್ನು ಮುನ್ನಡಿಗ ಎನ್ನುತ್ತೇವೆ. ನನ್ನ ನಿಜಗುಣ ಮುನ್ನಡಿಗ. ಬಣ್ಣ ಹತ್ತಿದ ಕೈಯನ್ನು ಬಂಡಿಗಳು ಗುರುತಿಸುವುದಿಲ್ಲ, ಅದಕ್ಕೇ ಮುನ್ನಡಿಗರ ಮದುವೆಯಲ್ಲಿ ಮದುಮಗನ ಅಂಗೈಗೆ ಅರಿಸಿನ ಹಚ್ಚುವುದಿಲ್ಲ. ನಾನು ಸಂಭ್ರಮದಲ್ಲಿ ಹಚ್ಚಲು ಹೋದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದು, “ಅಂಗೈ ಬಿಡವಾ ತಂಗಿ, ಅದು ಅವನ ಜೀವ. ಗಲ್ಲಕ್ಕ ಬೇಕಾದಷ್ಟು ಬಳಿ, ನಾ ಏನೂ ಅನ್ನಂಗಿಲ್ಲ” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಎರಡು ಗಾಲಿಯ ಬಂಡಿಗಳು ಅಂಗೈಗೂ ನಿಲ್ಲುವುದಿಲ್ಲ, ಪಕ್ಕದಿಂದ ತೂರಿ ಬರುತ್ತವೆ. ಮದುವೆಯಲ್ಲಿ ನಿಜಗುಣನ ಪಕ್ಕ ನಿಂತಿದ್ದ ಗೆಳೆಯ ಶಿವಯೋಗಿಯೂ ಮುನ್ನಡಿಗನೇ, ಕಳೆದ ಸೋಮವಾರ ಅಂಥದ್ದೊಂದು ಬಂಡಿಗೆ ಸಿಕ್ಕಿ ಹೋಗಿಬಿಟ್ಟ. ಅವನ ಜಾಗದಲ್ಲಿ ಈಗ ನಿಜಗುಣ ಎರಡು ಪಾಳಿ ಓಡುತ್ತಾನೆ. ಮನೆಗೆ ಬಂದವನು ಊಟಕ್ಕೆ ಕೂತಾಗ ಬಲಗೈ ಮೇಲೆತ್ತಲಾಗುವುದಿಲ್ಲ. ಕೇಳಿದರೆ, “ನಿನ್ನ ಕೈತುತ್ತು ಸಿಗಲಿ ಅಂತ ನಾಟಕ” ಅನ್ನುತ್ತಾನೆ. ತುತ್ತು ಕೊಡುತ್ತೇನೆ.

ಬಂಡಿಗಳನ್ನು ತಿದ್ದಬಾರದೇ ಎಂದು ನೀವು ಕೇಳಬಹುದು. ಅವುಗಳ ಒಳಗೆ ಕೈ ಹಾಕಿ ತಿದ್ದಬಲ್ಲವರು ಈಗಿಲ್ಲ, ತೋರಿಸಿ ಕಲಿಸುವುದೊಂದೇ ಉಳಿದಿರುವ ದಾರಿ. ನಾವೇ ಹಳೆಯ ಕಾರುಗಳಲ್ಲಿ ಕೂತು ದಾರಿ ಬಿಟ್ಟಂತೆ ನಟಿಸಿದೆವು, ಬಂಡಿಗಳು ನಂಬಲಿಲ್ಲ. ನಿಜವಾದ ಅವಸರದಲ್ಲಿದ್ದ ನಿಜವಾದ ಮನುಷ್ಯರು ಆಂಬುಲೆನ್ಸಿಗೆ ದಾರಿ ಬಿಟ್ಟದ್ದನ್ನು ತೋರಿಸಬೇಕು, ಅದೂ ಒಂದೆರಡಲ್ಲ, ಸಾವಿರಾರು ಸಲ. ನಿಮ್ಮ ವಿಡಿಯೊಗಳಲ್ಲಿ ಅದನ್ನು ಹುಡುಕುವುದೇ ನನ್ನ ಉದ್ಯೋಗ. ಅತ್ತೆ ಬಂದು ಪಕ್ಕ ಕೂತು, “ಏನ್ ನೋಡ್ತೀಯವಾ ಅಷ್ಟೊತ್ತಿಂದ? ಅದಕ್ಕಿಂತ ನಮ್ಮ ಮನಿ ಗ್ವಾಡಿ ನೋಡು, ಅದೂ ಯಾರಿಗೂ ಸರಿಯಂಗಿಲ್ಲ” ಎಂದು ಹಾಸ್ಯ ಮಾಡುತ್ತಾರೆ. ಮೊನ್ನೆ ಒಂದು ಆಟೊ ಎಡಕ್ಕೆ ಸರಿದದ್ದು ಕಂಡಿತು. ಖುಷಿಯಿಂದ ಅತ್ತೆಯನ್ನು ಕೂಗಿ ಕರೆದೆ. ಅವರು ಬರುವಷ್ಟರಲ್ಲಿ ಹಿಂದಿದ್ದ ಕಾರೊಂದು ಆ ಜಾಗಕ್ಕೆ ಮೂತಿ ತೂರಿಸಿತ್ತು, ಆಂಬುಲೆನ್ಸ್ ಇದ್ದಲ್ಲೇ ಕೂಗುತ್ತಿತ್ತು. ಅತ್ತೆ ಒಳಗೆ ಹೋದರು.

ನಾನು ಇನ್ನೂ ನೋಡದ ವರ್ಷಗಳು ಕೆಲವಿವೆ. ಅವು ನಿಮ್ಮವು. ಅವುಗಳಲ್ಲಿ ಏನಿದೆ ಎಂಬುದು ಇನ್ನೂ ನಿಮ್ಮ ಕೈಯಲ್ಲಿದೆ ಎಂದು ನಂಬಿ ಈ ಕಾಗದ ಬರೆಯುತ್ತಿದ್ದೇನೆ. ನೀವು ಕೆಟ್ಟವರೆಂದು ನನಗೆ ಅನಿಸುವುದಿಲ್ಲ. ಆಫೀಸಿಗೆ ತಡವಾಗಿರುತ್ತದೆ, ಮಗುವನ್ನು ಶಾಲೆಗೆ ಬಿಡಬೇಕಿರುತ್ತದೆ, ಮುಂದಿನವನೂ ಸರಿದಿರುವುದಿಲ್ಲ. ಆದರೂ ನಾಳೆ ನಿಮ್ಮ ಹಿಂದೆ ಸೈರನ್ ಕೇಳಿದರೆ ಎಡಕ್ಕೆ ಸರಿಯಿರಿ. ಅದು ದಾಟಿ ಹೋದ ಮೇಲೆ ಅದರ ಬೆನ್ನು ಹತ್ತಬೇಡಿ. ಮುಂದೆ ಬಿದ್ದ ಆ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ಖಾಲಿಯಾಗಿಯೇ ಬಿಡಿ. ನಿಮ್ಮ ಕ್ಯಾಮೆರಾ ಕಂಡದ್ದನ್ನು ನಾನು ಬಂಡಿಗಳಿಗೆ ತೋರಿಸುತ್ತೇನೆ. ಇಲ್ಲಿ ಅವುಗಳ ನಡುವೆ ನನ್ನ ಗಂಡ ಓಡುತ್ತಿದ್ದಾನೆ.

ನಿಮ್ಮ,
ಶಾಲ್ಮಲಾ