ವರ್ನೆಲ್ ಭುಜ ಎತ್ತಿದಾಗ

ಮೆಂಫಿಸ್
ಅಕ್ಟೋಬರ್ ೧೪, ಸೋಮವಾರ

ಪ್ರೀತಿಯ ವರ್ನೆಲ್,

ಗಂಟಲು ಹೇಗಿದೆ? ಶಿಕಾಗೊದಲ್ಲಿ ಆಗಲೇ ಚಳಿಗಾಳಿ ಶುರುವಾಗಿದೆಯಂತೆ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳದೆ ಹೊರಗೆ ಹೋಗಬೇಡ, ನಿನಗೆ ಇಷ್ಟವಿಲ್ಲದ ಆ ಕಂದು ಬಣ್ಣದ್ದೇ ಆಗಲಿ. ಮಂಡಿನೋವು ಕಡಿಮೆಯಾಯಿತೇ? ನಾಟಕದಲ್ಲಿ ದಿನಾ ನಿನ್ನನ್ನು ಮೆಟ್ಟಿಲು ಹತ್ತಿಸುತ್ತಾರಲ್ಲ, ಎಪ್ಪತ್ತು ದಾಟಿದ ಹೆಂಗಸು ಎಂಬ ಕರುಣೆ ಬೇಡವೇ ಅವರಿಗೆ?

ನಾನು ಚೆನ್ನಾಗಿದ್ದೇನೆ. ಲಕ್ವ ಹೊಡೆದ ಎಡಗೈ ಬಗ್ಗೆ ಫೋನಿನಲ್ಲಿ ಪ್ರತಿ ಸಲ ಕೇಳುತ್ತೀಯ, ನಾನೂ ಪ್ರತಿ ಸಲ 'ಪರವಾಗಿಲ್ಲ ಕಣೇ, ಸ್ವಾಧೀನಕ್ಕೆ ಬರ್ತಾ ಇದೆ' ಅನ್ನುತ್ತೇನೆ. ಪಕ್ಕದ ಮನೆಯ ಮೋಝೆಲ್ ಅಕ್ಕ ದಿನಾ ಸಂಜೆ ಬೇಯಿಸಿದ ಸೊಪ್ಪು, ಜೋಳದ ಬ್ರೆಡ್ಡು ತಂದಿಟ್ಟು ಎದುರಿಗೇ ಕೂರುತ್ತಾಳೆ. 'ಪೂರ್ತಿ ತಿನ್ನು, ಇಲ್ದಿದ್ರೆ ನಿನ್ನ ಹೆಂಡ್ತಿ ಬಂದು ನನ್ನ ಜುಟ್ಟು ಹಿಡೀತಾಳೆ' ಅನ್ನುತ್ತಾಳೆ. ಸೊಪ್ಪಿಗೆ ಉಪ್ಪಿಲ್ಲ, ಹಂದಿಮಾಂಸದ ತುಂಡಂತೂ ಕಣ್ಣಿಗೇ ಬೀಳುವುದಿಲ್ಲ. ಅದನ್ನು ಊಟ ಎನ್ನುವುದಾದರೆ ಊಟ ಮಾಡುತ್ತಿದ್ದೇನೆ. ನಿನ್ನೆ ಚರ್ಚಿನಲ್ಲಿ ಪಾಸ್ಟರು, 'ನಮ್ಮ ವರ್ನೆಲ್ ಈಗ ದೊಡ್ಡ ರಂಗಮಂದಿರದಲ್ಲಿ ಅಜ್ಜಿ ಪಾರ್ಟು ಮಾಡ್ತಿದ್ದಾಳೆ' ಎಂದರು. ಹಿಂದಿನ ಬೆಂಚಿನಿಂದ ಯಾರೋ 'ಪಾರ್ಟು ಯಾಕೆ, ಅವಳು ಅಜ್ಜೀನೇ ಅಲ್ವಾ!' ಎಂದು ಕೂಗಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಬೀಗ ತೆಗೆದಾಗ ಮಾತ್ರ ಬಹಳ ಬೇಜಾರಾಯಿತು.

ನಲವತ್ತು ವರ್ಷ ನೀನು ಸೋಲ್ ಸಂಗೀತ ಹಾಡಿದೆ, ನಾನು ಪಕ್ಕದಲ್ಲಿ ಆರ್ಗನ್ ನುಡಿಸಿದೆ. ಒಂದು ಹಾಡನ್ನು ಎರಡು ದಿನ ಒಂದೇ ಥರ ಹಾಡಿದವಳಲ್ಲ ನೀನು. ಯಾವ ಸಾಲನ್ನು ಎಲ್ಲಿ ಎಳೆಯುತ್ತೀಯೋ ನಿನಗೇ ಗೊತ್ತಿರುತ್ತಿರಲಿಲ್ಲ. ನಿನ್ನ ಎಡಭುಜ ಚೂರು ಮೇಲೆದ್ದರೆ, ಮುಂದೆ ಹೋಗಬೇಡ ಲೆಮ್, ಇಲ್ಲೇ ಸ್ವರ ಹಿಡಿದುಕೋ ಎಂದರ್ಥ. ನಾನು ಹಿಡಿದುಕೊಳ್ಳುತ್ತಿದ್ದೆ. ನೀನು ಆ ಒಂದೇ ಮಾತನ್ನು ಮತ್ತೆ ಮತ್ತೆ ಹಾಡಿ, ಮುಂದಿನ ಸಾಲಿನ ಹೆಂಗಸರ ಕಣ್ಣಲ್ಲಿ ನೀರು ತರಿಸಿ, ಆಮೇಲೆ ಭುಜ ಇಳಿಸುತ್ತಿದ್ದೆ. ಈಗ ನಾಟಕದಲ್ಲಿ ಬರೆದದ್ದನ್ನು ಬರೆದ ಹಾಗೇ ಹಾಡಬೇಕು, ದೀಪ ಹತ್ತುವುದೂ ಆರುವುದೂ ಅದೇ ಲೆಕ್ಕಕ್ಕೆ. 'ಆ ಕಡ್ಡಿ ಅಲ್ಲಾಡಿಸೋನು ನನ್ನ ಮುಖಾನೇ ನೋಡಲ್ಲ ಲೆಮ್' ಎಂದು ಮೊದಲ ವಾರ ಫೋನಿನಲ್ಲಿ ಅತ್ತಿದ್ದೆ. ಪಾಪ, ಅಷ್ಟು ಜನ ವಾದ್ಯದವರನ್ನು ಸಂಭಾಳಿಸುವವನು ಅವನೇನು ಮಾಡಿಯಾನು? ಆದರೂ ನನಗೆ ಅವನ ಮೇಲೆ ಸಿಟ್ಟಿದೆ.

ನಿನ್ನೆ ನೀನು ಹೇಳಿದ್ದು ತಲೆ ಕೊರೆಯುತ್ತಿದೆ. ಮುಂದಿನ ನಾಟಕದಲ್ಲಿ ನಿನಗೇ ಮುಖ್ಯ ಪಾತ್ರ, ಶುಕ್ರವಾರದೊಳಗೆ ಸಹಿ ಹಾಕಬೇಕು, ಆದರೆ ನೀನು ಹಾಕುವುದಿಲ್ಲವಂತೆ. 'ಹೇಗೂ ನಿನ್ನ ಕೈ ಸರಿಹೋಗ್ತಿದೆ, ಮನೆಗೇ ಬಂದ್ಬಿಡ್ತೀನಿ. ನೀನು ನುಡಿಸು, ನಾನು ಹಾಡ್ತೀನಿ, ಮುಂಚಿನ ಹಾಗೆ' ಎಂದೆಯಲ್ಲ, ಎಷ್ಟು ಸಂತೋಷ ಇತ್ತು ನಿನ್ನ ದನಿಯಲ್ಲಿ! ನಾನು ಎಡಗೈಯನ್ನೇ ನೋಡುತ್ತಾ ಕೂತೆ. ಫೋನ್ ಕಟ್ಟಾಯಿತು ಎಂದುಕೊಂಡು ನೀನೇ ಇಟ್ಟುಬಿಟ್ಟೆ. ಈ ವಯಸ್ಸಿನಲ್ಲಿ ಯಾರನ್ನು ಕರೆದು ಹೀಗೆ ಪಾತ್ರ ಕೊಡುತ್ತಾರೆ? ಸಹಿ ಹಾಕು ವರ್ನೆಲ್. ಮನೆ ಎಲ್ಲಿಗೂ ಓಡಿಹೋಗುವುದಿಲ್ಲ.

ದೇವರು ನಿನ್ನ ಗಂಟಲನ್ನೂ ಮಂಡಿಯನ್ನೂ ಕಾಯಲಿ. ಮೋಝೆಲ್ ಅಕ್ಕ ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ನಿನ್ನ
ಲೆಮ್ಯುಯೆಲ್

ತಾ.ಕ.: ಕಾಗದ ಅಂಚೆಗೆ ಹಾಕಲು ಅಕ್ಕ ಬಾಗಿಲಲ್ಲೇ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಕಳೆದ ಬುಧವಾರ ಮಧ್ಯಾಹ್ನದ ಆಟಕ್ಕೆ ಅವಳೂ ನಾನೂ ರೈಲಿನಲ್ಲಿ ಬಂದಿದ್ದೆವು. ನಿನಗೆ ಹೇಳಲಿಲ್ಲ. ಬಾಲ್ಕನಿಯ ಕೊನೆಯ ಸಾಲಿನಲ್ಲಿದ್ದೆವು. ಕೊನೆಯ ಹಾಡಿನಲ್ಲಿ, 'ಬಾಗಿಲು ತೆಗೆದೇ ಇದೆ ಮಗನೇ' ಎಂಬಲ್ಲಿ ನಿನ್ನ ಎಡಭುಜ ಎದ್ದಿತು. ವಾದ್ಯದವರು ಮುಂದೆ ಹೋಗಿಬಿಟ್ಟರು. ನೀನು ಒಂದು ಕ್ಷಣ ಸುಮ್ಮನೆ ನಿಂತೆ. ಜನ ಅದನ್ನು ಅಭಿನಯ ಎಂದುಕೊಂಡರು, ನನ್ನ ಪಕ್ಕದವಳು ಕಣ್ಣೊರೆಸಿಕೊಂಡಳು. ನೀನು ಕಾದದ್ದು ನನಗೆ. ಆರ್ಗನ್ನಿನ ಪೆಡಲ್ ಎಂಬಂತೆ ನನ್ನ ಕಾಲು ತಾನಾಗಿ ನೆಲ ಒತ್ತಿತು, ಎಡಗೈ ಮಾತ್ರ ತೊಡೆಯ ಮೇಲಿಂದ ಏಳಲೇ ಇಲ್ಲ. ಅದು ಬರ್ತಾ ಇಲ್ಲ ವರ್ನೆಲ್. ಇನ್ನು ಬರುವುದೂ ಇಲ್ಲವೆಂದು ಡಾಕ್ಟರು ಕಳೆದ ತಿಂಗಳೇ ಹೇಳಿದರು. ಆರ್ಗನ್ ಮುಂದೆ ನಾನೇ ಕೂತಿದ್ದರೂ ನೀನು ಹಾಗೇ ಕಾಯಬೇಕಾಗುತ್ತಿತ್ತು. ಅವರ ಜೊತೆ ಮುಂದೆ ಹೋಗು.